ಕಾಗೆಕಾಲು ಹೊಲಿಗೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ತಿರುವಿನಲ್ಲಿ ಹಾರ್ನ್ ಎರಡು ಸಲ ಕೂಗಿತೆಂದರೆ ಟೈಲರಮ್ಮನ ಮುಖ ಗಂಟಾಗುತ್ತಿತ್ತು. ಹಾರ್ನ್ ಬೀಗಿತ್ತಿಯ ಕೆಂಪು ಕಾರಿನದು. ಬೀಗಿತ್ತಿ ಎಂದರೆ ಸೊಸೆಯ ತಾಯಿ. ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಳು. ಆರು ದಿನ ಅವಳ ಸುಳಿವಿರುತ್ತಿರಲಿಲ್ಲ. ಏಳನೆಯ ದಿನ ಬಂದು ಮೊಮ್ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡಳೆಂದರೆ ಸಂಜೆ ಆರರವರೆಗೆ ಊರೆಲ್ಲ ಅವರಿಬ್ಬರದೇ.

ಉಳಿದ ಆರು ದಿನ ಆ ಮೊಮ್ಮಗಳು ಟೈಲರಮ್ಮನ ಪಾಲು. ಮಗ ಬಸ್ ಡ್ರೈವರ್. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಯಾವಾಗ ಬರುತ್ತಾನೆಂದು ಅವನ ಬಸ್ಸಿಗೇ ಗೊತ್ತು. ಸೊಸೆ ನರ್ಸ್, ವಾರಕ್ಕೊಂದು ಪಾಳಿ. ಹೀಗಾಗಿ ಎಬ್ಬಿಸುವುದು, ಜಡೆ ಹಾಕುವುದು, ಡಬ್ಬಿ ಕಟ್ಟುವುದು, ಉಗುರು ಕತ್ತರಿಸುವುದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ, ಮಗ್ಗಿ ತಪ್ಪಿದರೆ ಬೈಗುಳ, ಎಲ್ಲ ಟೈಲರಮ್ಮನದೇ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಇಟ್ಟ ಹೊಲಿಗೆ ಮಷಿನ್ನಿನ ಕೆಳಗೇ ಆ ಮಗು ತೆವಳಿ, ಕುಳಿತು, ನಿಂತು ಬೆಳೆದಿತ್ತು. ನಡೆಯಲು ಬಂದ ದಿನದಿಂದ ಒಂದು ಕಡೆ ನಿಲ್ಲದೆ, ಮಷಿನ್ನಿನ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ತಿರುಗುವ ಬಾಬಿನ್ನಿನ ಹಾಗೆ ಗಿರಗಿರ ಸುತ್ತುತ್ತಿದ್ದುದರಿಂದ ಅವಳಿಗೆ ಬಾಬಿನ್ ಎಂದು ಹೆಸರಿಟ್ಟವಳೂ ಅಜ್ಜಿಯೇ.

ಬಾಬಿನ್ ಕೂಡ ಸುಮ್ಮನಿರಲಿಲ್ಲ. ಇಬ್ಬರು ಅಜ್ಜಿಯರಿಗೂ ಮಷಿನ್ ಅಜ್ಜಿ, ಕಾರ್ ಅಜ್ಜಿ ಎಂದು ಹೆಸರಿಟ್ಟಿದ್ದಳು. ಮಷಿನ್ನು ಇದ್ದಲ್ಲೇ ಇರುತ್ತದೆ, ಕಾರು ಕೆರೆಗೆ ಹೋಗುತ್ತದೆ. ಟೈಲರಮ್ಮನಿಗೆ ಉರಿಯುತ್ತಿದ್ದುದು ಇಲ್ಲೇ.

ಆ ಭಾನುವಾರವೂ ಸಂಜೆ ಆರಕ್ಕೆ ಹುಡುಗಿ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದಳು.

"ಕಾಲು ತೊಳ್ಕೊಂಡು ಒಳಗೆ ಬಾ. ಏನು ತಿಂದೆ?"

"ಐಸ್‌ಕ್ರೀಮು."

"ಅದು ನಿನ್ನ ಅಂಗಿ ನೋಡಿದ್ರೇ ಗೊತ್ತಾಗುತ್ತೆ. ಊಟ ಏನು ಮಾಡ್ದೆ?"

"ಐಸ್‌ಕ್ರೀಮೇ ಊಟ. ಒಂದಿನ ತಾನೆ, ಪರವಾಗಿಲ್ಲ ಅಂದ್ರು ಕಾರ್ ಅಜ್ಜಿ. ನಾವು ದೋಣೀಲಿ ಹೋದ್ವಿ. ಬಾತುಕೋಳಿಗೆ ಬ್ರೆಡ್ ಹಾಕಿದ್ವಿ."

"ಬಾತುಕೋಳಿಗಾದ್ರೂ ಹೊಟ್ಟೆ ತುಂಬ್ತಲ್ಲ, ಸಂತೋಷ."

ಅಂಗಿಯ ಮೇಲಿನ ಚಾಕೊಲೇಟ್ ಕಲೆಯನ್ನು ಟೈಲರಮ್ಮ ಬಚ್ಚಲಿನಲ್ಲಿ ಕುಳಿತು ಉಜ್ಜಿದಳು. ಒಂದೇ ಒಂದು ಸಮಾಧಾನ ಅವಳಿಗಿತ್ತು. ಮಗು ತನಗೆ ನೀನು ಎನ್ನುತ್ತದೆ, ಬೀಗಿತ್ತಿಗೆ ಅವರು ಎನ್ನುತ್ತದೆ. ದೂರದವರಿಗೆ ತಾನೆ ಬಹುವಚನ. ಕಲೆ ಹೋಗುವವರೆಗೆ ಈ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿರುವಿ ಹಾಕಿದಳು.

ಊಟಕ್ಕೆ ಕುಳಿತಾಗ ಆಲೂಗಡ್ಡೆ ಪಲ್ಯ ಬಡಿಸುತ್ತ ಸೊಸೆಗೆ ಕೇಳಿಸುವಂತೆ ಅಂದಳು: "ಕೆಲವರಿಗೆ ಮಗು ಬೇಕು, ಮಗುವಿನ ಜ್ವರ ಬೇಡ."

ಸೊಸೆ ಆಸ್ಪತ್ರೆಯಿಂದ ಬಂದು ಬಟ್ಟೆ ಕೂಡ ಬದಲಿಸಿರಲಿಲ್ಲ. "ಅತ್ತೆ, ಹೋದ ತಿಂಗಳು ಜ್ವರ ಬಂದಾಗ ನೀವು ಅಮ್ಮನಿಗೆ ಫೋನು ಮಾಡಿದ್ರಾ? ಅವರಾಗೇ ಬಂದ್ರೆ ಬಾಗಿಲಲ್ಲೇ ಮಾತಾಡಿಸಿ, ಮಲಗಿದ್ದಾಳೆ ಅಂತ ವಾಪಸ್ ಕಳಿಸಿದ್ರಿ."

"ಮಲಗಿದ್ಲು, ಅದಕ್ಕೇ ಅಂದೆ."

"ಇಲ್ಲ, ನಾನು ಎದ್ದೇ ಇದ್ದೆ," ಎಂದಳು ಬಾಬಿನ್ ಬಾಯಿ ತುಂಬ ಅನ್ನ ಇಟ್ಟುಕೊಂಡು.

"ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು."

ಡ್ರೈವರ್ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ದಿನವಿಡೀ ಟ್ರಾಫಿಕ್ಕಿನಲ್ಲಿ ಇದ್ದವನಿಗೆ, ಎರಡು ಗಾಡಿ ಎದುರುಬದುರಾದಾಗ ತಾನು ನಿಂತಲ್ಲೇ ನಿಂತರೆ ಒಳ್ಳೆಯದು ಎಂಬುದು ಚೆನ್ನಾಗಿ ಗೊತ್ತಿತ್ತು.

ಬಾಬಿನ್ನಿಗೆ ಎಂಟು ತುಂಬಲು ಇನ್ನು ಮೂರು ವಾರ. ಹುಟ್ಟುಹಬ್ಬದ ಫ್ರಾಕು ಟೈಲರಮ್ಮನ ಕೈಯದೇ ಆಗಬೇಕೆಂಬುದು ಆ ಮನೆಯಲ್ಲಿ ಯಾರೂ ಬರೆದಿಡದ ಕಾನೂನು. ಏಳು ವರ್ಷಕ್ಕೆ ಏಳು ಫ್ರಾಕು ಆಗಿದ್ದವು. ಎಲ್ಲವೂ ಒಂದು ಅಳತೆ ದೊಡ್ಡವು. "ಬೆಳೆಯೋ ಮಗು," ಎಂದು ಪಕ್ಕದಲ್ಲಿ ಎರಡು ಬೆರಳು, ಕೆಳಗೆ ಮೂರು ಬೆರಳು ಬಟ್ಟೆ ಒಳಗೆ ಬಿಟ್ಟು ಹೊಲಿಯುವುದು ಅವಳ ಪದ್ಧತಿ. ವರ್ಷ ಕಳೆದಂತೆ ಒಂದೊಂದೇ ಹೊಲಿಗೆ ಬಿಚ್ಚಿಕೊಟ್ಟರೆ ಒಂದು ಫ್ರಾಕು ಮೂರು ವರ್ಷ ಬರುತ್ತದೆ. ಬರುತ್ತದೆ ನಿಜ, ಆದರೆ ಮೊದಲ ವರ್ಷ ಮಗು ಮೂಟೆಯೊಳಗೆ ಇಳಿದ ಹಾಗೆ ಕಾಣುತ್ತದೆ. ಹೋದ ವರ್ಷ ಶಾಲೆಯಲ್ಲಿ ಯಾರೋ ಹುಡುಗಿ "ಇದು ನಿಮ್ಮ ಅಕ್ಕಂದಾ?" ಎಂದು ಕೇಳಿದ್ದಳಂತೆ. ಬಾಬಿನ್ನಿಗೆ ಅಕ್ಕ ಇಲ್ಲ.

ಹೊಲಿಗೆಯ ಕೊನೆ ಕಟ್ಟುವುದರಲ್ಲೂ ಟೈಲರಮ್ಮನದು ಬೇರೆಯೇ ರೀತಿ. ಅವಳ ಮಷಿನ್ನು ಹಳೆಯದು, ಹಿಂದಕ್ಕೆ ಹೊಲಿಯುವುದಿಲ್ಲ. ಅದಕ್ಕೆ ಸಾಲು ಮುಗಿದಲ್ಲಿ ದಾರವನ್ನು ಸೂಜಿಗೆ ಪೋಣಿಸಿ, ಒಂದೇ ಬಿಂದುವಿನಿಂದ ಮೂರು ದಿಕ್ಕಿಗೆ ಮೂರು ಪುಟ್ಟ ಹೊಲಿಗೆ ಹಾಕಿ ಗಂಟು ಬಿಗಿಯುತ್ತಿದ್ದಳು. ಬಾಬಿನ್ ಅದಕ್ಕೆ ಕಾಗೆಕಾಲು ಎನ್ನುತ್ತಿದ್ದಳು. ಗೊಂಬೆಯ ಅಂಗಿಗೆ ತಾನೂ ಹಾಕಿ ಹಾಕಿ ಕಲಿತಿದ್ದಳು. ಊರಿನಲ್ಲಿ ಇನ್ಯಾವ ಟೈಲರೂ ಇಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ.

ಈ ವರ್ಷಕ್ಕೆಂದು ಟೈಲರಮ್ಮ ತಿಳಿನೀಲಿ ಬಟ್ಟೆ ತಂದು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದಳು. ಮುಂದಿನ ಭಾನುವಾರ ಬೀಗಿತ್ತಿ ಕಾರಿನಿಂದ ಇಳಿದು ಬಾಗಿಲಲ್ಲಿ ನಿಂತೇ ಹೇಳಿದಳು:

"ಈ ಸಲ ಹುಟ್ಟುಹಬ್ಬ ಭಾನುವಾರವೇ ಬಂದಿದೆ ನೋಡಿ. ಎಲ್ಲರೂ ಕೆರೆ ಪಾರ್ಕಿಗೆ ಹೋಗೋಣ. ಕೇಕು ನಾನು ತರ್ತೀನಿ. ಫ್ರಾಕೂ ನನ್ನ ಲೆಕ್ಕವೇ. ಅವಳು ಅಂಗಡಿ ಗಾಜಿನಲ್ಲಿ ನೋಡಿ ಆಸೆಪಟ್ಟಿದಾಳೆ, ಗುಲಾಬಿ ಬಣ್ಣದ್ದು, ನೆಟ್ಟಿಂದು."

"ಮೂರು ಪದರ ಅಜ್ಜಿ!" ಎಂದಳು ಬಾಬಿನ್. "ತಿರುಗಿದ್ರೆ ಛತ್ರಿ ಥರ ಆಗುತ್ತೆ."

"ಆಗಲಿ," ಎಂದು ಟೈಲರಮ್ಮ ಒಳಗೆ ಹೋದಳು. ಹೋಗಿ ಒಲೆಯ ಮೇಲಿದ್ದ ಹಾಲು ಉಕ್ಕುವುದನ್ನು ನೋಡುತ್ತ ನಿಂತಳೇ ಹೊರತು ಒಲೆ ಆರಿಸಲಿಲ್ಲ.

ಸಂಜೆ ಜಗಳ ಆಗಿಯೇ ಆಯಿತು.

"ಫ್ರಾಕು ನಾನು ಹೊಲಿಯೋದು ಅಂತ ನಿಮ್ಮಮ್ಮನಿಗೆ ಗೊತ್ತಿಲ್ವಾ?"

"ಮಗು ಕೇಳಿದ್ದು ಅತ್ತೆ. ಅದಕ್ಕೆ ಏನು ಬೇಕು ಅಂತ ನೀವು ಯಾವತ್ತಾದ್ರೂ ಕೇಳಿದೀರಾ? ಟೇಪು ಹಿಡೀತೀರಿ, ಕೈ ಎತ್ತು ಅಂತೀರಿ, ಮುಗೀತು."

"ಕೇಳಿದ್ದೆಲ್ಲ ಕೊಡೋದು ಸುಲಭ ಕಣಮ್ಮ. ಬೇಡ ಅನ್ನೋಕೆ ಮನೇಲೊಬ್ಬರು ಇರಬೇಕು, ಆ ಕೆಲಸ ನನ್ನ ತಲೆ ಮೇಲೆ."

"ಹಾಗಾದ್ರೆ ಆ ಕೆಲಸಾನೂ ಹಂಚಿಕೊಡಿ."

"ಏನೋ, ನೀನೇನೂ ಹೇಳಲ್ವಾ?" ಎಂದು ಟೈಲರಮ್ಮ ಮಗನ ಕಡೆ ತಿರುಗಿದಳು.

"ಅಮ್ಮ, ನಂಗೆ ಆ ಭಾನುವಾರ ರಜೆ ಸಿಕ್ಕಿರೋದೇ ದೊಡ್ಡದು," ಎಂದ ಮಗ. "ಗೋಣಿಚೀಲ ಹಾಕಿಸಿದ್ರೂ ನಾನು ಬಂದು ಕೇಕ್ ತಿಂತೀನಿ."

ಆದರೂ ಟೈಲರಮ್ಮ ಬಿಡಲಿಲ್ಲ. ಬಾಬಿನ್ ಶಾಲೆಯಲ್ಲಿದ್ದ ಹೊತ್ತಿನಲ್ಲಿ ನೀಲಿ ಫ್ರಾಕು ಹೊಲಿದಳು. ಕೊರಳಿಗೆ ಬಿಳಿ ಪಟ್ಟಿ, ಸೊಂಟಕ್ಕೆ ಹಿಂದೆ ಕಟ್ಟುವ ಉದ್ದನೆಯ ಬಿಡಿ ಪಟ್ಟಿ. ಇದನ್ನು ಯಾವಾಗ ಹಾಕಿಸುವುದು, ಯಾಕೆ ಹೊಲಿಯುತ್ತಿದ್ದೇನೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ಗುಲಾಬಿ ಫ್ರಾಕು ಡಬ್ಬದಲ್ಲಿ ಬಂತು. ಹಾಕಿಸಿ ನೋಡಿದರು. ಬಾಬಿನ್ ತಿರುಗಿದಳು, ನಿಜಕ್ಕೂ ಛತ್ರಿಯಾಯಿತು. ಸೊಂಟದಲ್ಲಿ ಮಾತ್ರ ಒಂಚೂರು ಸಡಿಲ.

"ಅದಕ್ಕೇನಂತೆ," ಎಂದಳು ಬೀಗಿತ್ತಿ ನಗುತ್ತ. "ನಮ್ಮ ಬೀಗಿತ್ತಿಯವರು ಇದಾರಲ್ಲ, ಎರಡೂ ಪಕ್ಕ ಅರ್ಧರ್ಧ ಇಂಚು ಹಿಡಿದುಕೊಡ್ತಾರೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಿರಬೇಕು. ಟೈಲರಮ್ಮನ ಕಿವಿಗೆ ಅದು ಬೇರೆಯಾಗಿ ಬಿತ್ತು. ಏಳು ವರ್ಷ ಹುಟ್ಟುಹಬ್ಬದ ಬಟ್ಟೆ ಹೊಲಿದವಳು ಈಗ ಬೀಗಿತ್ತಿ ತಂದದ್ದರ ಪಕ್ಕ ಹಿಡಿದುಕೊಡಬೇಕು. "ಕೊಡಿ," ಎಂದು ಡಬ್ಬ ಇಸಕೊಂಡಳು.

ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಫ್ರಾಕನ್ನು ಒಳಹೊರಗು ಮಾಡಿ ಮಷಿನ್ನಿನ ಮೇಲೆ ಹರಡಿದಳು. ಸೀಮೆಸುಣ್ಣದಿಂದ ಅರ್ಧ ಇಂಚಿಗೆ ಗೆರೆ ಎಳೆದಳು. ಗೆರೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಬೆರಳಿನಿಂದ ಒರೆಸಿ ಒಂದೂಕಾಲು ಇಂಚಿಗೆ ಎಳೆದಳು. ಹುಟ್ಟುಹಬ್ಬದ ದಿನ ಜಿಪ್ಪು ಮೇಲೆ ಹೋಗುವುದಿಲ್ಲ, ಆಗ ತನ್ನ ಚೀಲದಿಂದ ನೀಲಿಯದು ಹೊರಗೆ ಬರುತ್ತದೆ, ಎಲ್ಲರೂ ಸದ್ಯ ನೀವು ತಂದಿದ್ರಲ್ಲ ಎನ್ನುತ್ತಾರೆ. ಅಷ್ಟು ದೂರ ಅವಳ ಲೆಕ್ಕ ಸರಿಯಾಗಿಯೇ ಇತ್ತು. ಹೊಲಿಗೆ ನೂಲು ಹಿಡಿದ ಹಾಗೆ ನೇರವಾಗಿ ಬಂತು.

ಹೊಟ್ಟೆಕಿಚ್ಚಿನಲ್ಲಿ ಹೊಲಿದಳು ನಿಜ. ಆದರೆ ನಲವತ್ತು ವರ್ಷ ಹೊಲಿದ ಕೈ. ಸಾಲು ಮುಗಿದಲ್ಲಿ ದಾರ ಪೋಣಿಸಿ, ಎರಡೂ ಪಕ್ಕಕ್ಕೆ ಒಂದೊಂದು ಕಾಗೆಕಾಲು ಹಾಕಿ ಗಂಟು ಬಿಗಿದು, ಫ್ರಾಕಿಗೆ ಇಸ್ತ್ರಿ ಮಾಡಿ ಡಬ್ಬದಲ್ಲಿಟ್ಟಳು.

ವಾರವಿಡೀ ಬಾಬಿನ್ ಫ್ರಾಕು ಇನ್ನೊಮ್ಮೆ ಹಾಕಿ ನೋಡುತ್ತೇನೆಂದು ದುಂಬಾಲು ಬಿದ್ದಳು. "ಕೊಳೆಯಾಗುತ್ತೆ, ಅವತ್ತೇ ಹಾಕ್ಕೊ," ಎಂದು ಟೈಲರಮ್ಮ ಡಬ್ಬವನ್ನು ಬೀರುವಿನ ಮೇಲಕ್ಕೆ ಹತ್ತಿಸಿದಳು. ಅದೇ ವಾರ ಬಾಬಿನ್ ಮಷಿನ್ನಿನ ಸೂಜಿ ಮುರಿದು, ತಾನಲ್ಲ ಬೆಕ್ಕು ಎಂದಳು. ಮನೆಯಲ್ಲಿ ಬೆಕ್ಕಿರಲಿಲ್ಲ. "ಇನ್ನೊಂದು ಸುಳ್ಳು ಹೇಳಿದ್ರೆ ನಾಲಿಗೆ ಹೊಲಿದುಬಿಡ್ತೀನಿ," ಎಂದು ಟೈಲರಮ್ಮ ಗದರಿದಳು.

ಭಾನುವಾರ ಬಂತು. ಕೆಂಪು ಕಾರಿನಲ್ಲಿ ಐದು ಜನ ಒತ್ತಿಕೊಂಡು ಕುಳಿತರು. ಮುದುರಿ ಹೋಗುತ್ತದೆಂದು ಫ್ರಾಕನ್ನು ಅಲ್ಲಿಗೆ ಹೋಗಿಯೇ ಹಾಕುವುದೆಂದು ತೀರ್ಮಾನವಾಗಿತ್ತು. ಟೈಲರಮ್ಮನ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು, ತಳದಲ್ಲಿ ನೀಲಿ ಫ್ರಾಕು. ಪಾರ್ಕಿನಲ್ಲಿ ಮಗ ಮರದ ಕೆಳಗೆ ಜಮಖಾನ ಹಾಸಿ, ಕೇಕಿಗೆ ನೊಣ ಬರದಂತೆ ಕಾವಲು ಕುಳಿತ. ಹೆಂಗಸರೆಲ್ಲ ಬಟ್ಟೆ ಬದಲಿಸುವ ಕೋಣೆಗೆ ಹೋದರು.

ಜಿಪ್ಪು ಅರ್ಧಕ್ಕೆ ನಿಂತಿತು.

"ಉಸಿರು ಒಳಗೆ ಎಳ್ಕೊ," ಎಂದಳು ಸೊಸೆ.

ಬಾಬಿನ್ ಎಳೆದುಕೊಂಡಳು. ಕೆನ್ನೆ ಕೆಂಪಾಯಿತು. ಜಿಪ್ಪು ಕದಲಲಿಲ್ಲ.

"ಹೇಳಿದ್ದೆ ನಿಂಗೆ, ಬಿಸ್ಕತ್ತು ಜಾಸ್ತಿ ತಿನ್ನಬೇಡ ಅಂತ. ಒಂದು ವಾರಕ್ಕೇ ಹೀಗಾ?"

"ನಾನು ದಪ್ಪ ಆಗಿದೀನಾ ಅಮ್ಮ?"

"ಅವಳನ್ನ ಬೈಬೇಡ," ಎಂದಳು ಬೀಗಿತ್ತಿ. ಅವಳ ಮುಖ ಚಿಕ್ಕದಾಗಿತ್ತು. "ನಂದೇ ತಪ್ಪು. ಅರ್ಧರ್ಧ ಇಂಚು ಹಿಡೀರಿ ಅಂದೋಳು ನಾನೇ. ವಾರಕ್ಕೊಂದಿನ ನೋಡೋಳಿಗೆ ಮಗುವಿನ ಅಳತೆ ಎಲ್ಲಿ ಗೊತ್ತಾಗಬೇಕು?"

ಟೈಲರಮ್ಮ ಮೂರು ವಾರದಿಂದ ಕಾದಿದ್ದ ಮಾತು ಇದು. ಬೀಗಿತ್ತಿಯ ಬಾಯಿಂದಲೇ ಬಂದಿತ್ತು. ಕೈ ಚೀಲದೊಳಗೆ ಹೋಯಿತು, ಬೆರಳಿಗೆ ನೀಲಿ ಬಟ್ಟೆ ಸಿಕ್ಕಿತು. ಅಷ್ಟರಲ್ಲಿ ಬಾಬಿನ್ ಫ್ರಾಕನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಅದು ಒಳಹೊರಗಾಗಿ ಅವಳ ಕೈಗೆ ಬಂತು. ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಹೋಗಿತ್ತು, ಆ ಹೊಲಿಗೆಯ ಕೊನೆಯಲ್ಲಿ ಅವಳ ಕಣ್ಣು ನಿಂತಿತು.

ಮಗು ಆ ಮೂರು ಪುಟ್ಟ ಹೊಲಿಗೆಯನ್ನು ನೋಡಿತು. ಆಮೇಲೆ ತಲೆ ಎತ್ತಿ ಅಜ್ಜಿಯನ್ನು ನೋಡಿತು.

"ಎಲ್ಲಿ ಕೊಡು ನೋಡೋಣ, ಒಳಗೆ ಬಟ್ಟೆ ಬಿಟ್ಟಿದಾರಾ?" ಎಂದು ಸೊಸೆ ಕೈ ಚಾಚಿದಳು.

ಬಾಬಿನ್ ಆ ಹೊಲಿಗೆಯ ಮೇಲೆ ಅಂಗೈ ಮುಚ್ಚಿ ಫ್ರಾಕನ್ನು ಎದೆಗೆ ಒತ್ತಿಕೊಂಡಳು. "ಬೇಡ ಅಮ್ಮ. ಅಂಗಡಿಯವರೇ ಹೀಗೆ ಹೊಲಿದಿದ್ದಾರೆ. ಅಂಗಡಿಯವರದೇ ತಪ್ಪು."

ಟೈಲರಮ್ಮನಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಲಿಗೆ ಹೊಲಿಯುತ್ತೇನೆ ಎಂದು ಹೆದರಿಸಿದ ಅಜ್ಜಿಗಾಗಿ ಎಂಟು ವರ್ಷದ ಮಗು, ತನ್ನ ಹುಟ್ಟುಹಬ್ಬದ ದಿನ, ಒಳಂಗಿಯಲ್ಲಿ ನಿಂತುಕೊಂಡು ಸುಳ್ಳು ಹೇಳುತ್ತಿತ್ತು.

"ಅಂಗಡಿಯವರಲ್ಲ," ಎಂದಳು. "ನಾನು. ಅರ್ಧ ಇಂಚು ಹಿಡಿಯೋ ಕಡೆ ಒಂದೂಕಾಲು ಹಿಡಿದೆ. ಕೈತಪ್ಪಿ ಅಲ್ಲ, ಬೇಕೂಂತಲೇ."

ಹೊರಗೆ ಯಾರದೋ ಮಕ್ಕಳು ಉಯ್ಯಾಲೆಗೆ ಜಗಳವಾಡುತ್ತಿದ್ದರು.

"ಅತ್ತೆ," ಎಂದಳು ಸೊಸೆ, "ನಾನು ಮಗೂನ ಬಿಸ್ಕತ್ತು ಅಂತ ಬೈದೆ." ಅಷ್ಟು ಹೇಳಿ ಬಾಗಿಲು ತೆಗೆದು ಹೊರಗೆ ಹೋದಳು. ಮುಂದಿನ ಮೂರು ದಿನ ಅವಳು ಅತ್ತೆಯ ಜೊತೆ ಮಾತಾಡಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ?" ಎಂದಳು ಬೀಗಿತ್ತಿ.

"ಹೊಟ್ಟೆಕಿಚ್ಚು. ಇನ್ನೇನು."

ಟೈಲರಮ್ಮ ಚೀಲದ ಬದಿಯ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ಬೆಂಚಿನ ಮೇಲೆ ಕುಳಿತಳು. ಹೊಲಿಗೆ ಬಿಚ್ಚಲು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕು. ಸ್ವಲ್ಪ ಹೊತ್ತು ನಿಂತಿದ್ದ ಬೀಗಿತ್ತಿ ಎದುರಿಗೆ ಕುಳಿತು ಹಿಡಿದುಕೊಂಡಳು. ಮೊದಲ ಕಾಗೆಕಾಲು ಬಿಚ್ಚುವುದಕ್ಕೇ ಐದು ನಿಮಿಷ ಹಿಡಿಯಿತು, ಅಷ್ಟು ಗಟ್ಟಿಯಾಗಿ ಹಾಕಿದ್ದಳು.

"ಮಗೂನ ನೋಯಿಸಿದ್ರಿ," ಎಂದಳು ಬೀಗಿತ್ತಿ. "ಅದು ನಂಗೆ ಮರೆಯೋದಿಲ್ಲ."

"ನಂಗೂ ಇಲ್ಲ."

"ಆದರೆ ಹೊಟ್ಟೆಕಿಚ್ಚು ನಿಮ್ಮೊಬ್ಬರದೇ ಆಸ್ತಿ ಅಂದ್ಕೋಬೇಡಿ. ನೀವು ಹಾಕಿ ಕಳಿಸಿದ ಜಡೆ ಮಧ್ಯಾಹ್ನ ಬಿಚ್ಚಿಹೋದ್ರೆ ನಂಗೆ ವಾಪಸ್ ಹಾಕೋಕೆ ಬರಲ್ಲ. ಕ್ಲಿಪ್ಪು ಸಿಕ್ಕಿಸ್ತೀನಿ. ಮಷಿನ್ ಅಜ್ಜಿ ಹೀಗೆ ಹಾಕಲ್ಲ ಅಂತಾಳೆ. ದೋಣೀಲಿ ಕೂತ್ರೂ ಮಷಿನ್ ಅಜ್ಜಿ, ಐಸ್‌ಕ್ರೀಮ್ ತಿನ್ನೋವಾಗ್ಲೂ ಮಷಿನ್ ಅಜ್ಜಿ. ನಾನು ಪೆಟ್ರೋಲ್ ಹಾಕಿಸ್ಕೊಂಡು ನಿಮ್ಮನ್ನ ಊರೆಲ್ಲ ಸುತ್ತಿಸ್ತಿದೀನಿ." ಬೀಗಿತ್ತಿ ಬಟ್ಟೆಯಿಂದ ಕಣ್ಣೆತ್ತದೆ ಅಂದಳು: "ನಂಗೆ ಬುಧವಾರ ಕೊಡಿ."

"ಬುಧವಾರ ಏನಿದೆ? ಮಗ್ಗಿ, ಉಗುರು ಕತ್ತರಿಸೋದು, ನಾಳೆಗೆ ಬೂಟು ಒರೆಸೋದು."

"ಅದೇ ಬೇಕು. ಶಾಲೆಯಿಂದ ನಾನೇ ಕರ್ಕೊಂಡು ಹೋಗಿ ಏಳಕ್ಕೆ ತಂದುಬಿಡ್ತೀನಿ."

ಬುಧವಾರ ಕೊಡಲ್ಲ ಎನ್ನಲು ಟೈಲರಮ್ಮನಿಗೆ ಮುಖ ಉಳಿದಿರಲಿಲ್ಲ. ಎರಡನೆಯ ಪಕ್ಕ ಬಿಚ್ಚಿ ಮುಗಿದಾಗ ತಲೆಯಾಡಿಸಿದಳು.

ಹೊಲಿಗೆ ಬಿಚ್ಚಿದ ಫ್ರಾಕು ಮೊದಲಿನಂತೆ ಸೊಂಟದಲ್ಲಿ ಸಡಿಲವಾಯಿತು. ಬಾಬಿನ್ ಅಷ್ಟರಲ್ಲಿ ಚೀಲವನ್ನೆಲ್ಲ ಕೆದಕಿ ನೀಲಿ ಫ್ರಾಕನ್ನು ಪತ್ತೆ ಮಾಡಿದ್ದಳು. ಅದರ ಉದ್ದನೆಯ ಪಟ್ಟಿ ಎಳೆದುಕೊಂಡು ಗುಲಾಬಿ ಫ್ರಾಕಿನ ಮೇಲೆ ಸುತ್ತಿ, ಹಿಂದೆ ಕಟ್ಟು ಎಂದು ಬೆನ್ನು ತಿರುಗಿಸಿ ನಿಂತಳು. ಆ ಗುಲಾಬಿಗೂ ಆ ನೀಲಿಗೂ ಜನ್ಮದಲ್ಲಿ ಹೊಂದುವುದಿಲ್ಲ. ಟೈಲರಮ್ಮನ ಕಣ್ಣು ಉರಿಯಿತು, ಆದರೂ ಕಟ್ಟಿದಳು.

ಕೇಕು ಕತ್ತರಿಸುವಾಗ ಇಬ್ಬರು ಅಜ್ಜಿಯರೂ ಎರಡು ಪಕ್ಕ ನಿಂತು, ಮೊದಲ ಚೂರು ಯಾರಿಗೆ ಎಂಬುದು ತಮಗೇನೂ ಮುಖ್ಯವಲ್ಲ ಎಂಬಂತೆ ಕೆರೆಯನ್ನು ನೋಡುತ್ತಿದ್ದರು. ಬಾಬಿನ್ ಅದನ್ನು ಅಪ್ಪನ ಬಾಯಿಗೆ ಹಾಕಿದಳು.

"ಕಾವಲು ಕಾಯ್ದಿದ್ದಕ್ಕೆ ಸಂಬಳ," ಎಂದ ಅವನು.

ಬುಧವಾರ ನಾಲ್ಕು ಗಂಟೆಗೆ ಟೈಲರಮ್ಮ ಅಭ್ಯಾಸಬಲದಿಂದ ಎರಡು ಲೋಟ ಹಾಲು ಬಿಸಿಮಾಡಿದಳು. ಒಂದನ್ನು ತಾನೇ ಕುಡಿದಳು. ಯಾರದೋ ಪ್ಯಾಂಟಿನ ಕಾಲನ್ನು ಹೊಲಿಯಲು ಕುಳಿತು ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಐದೂವರೆಗೊಮ್ಮೆ, ಆರೂಕಾಲಿಗೊಮ್ಮೆ ಕಿಟಕಿಯಿಂದ ಬೀದಿ ನೋಡಿದಳು. ಏಳಕ್ಕೆ ಸರಿಯಾಗಿ ಹಾರ್ನ್ ಕೂಗಿತು.

ಬಾಬಿನ್ ಮುಖ ಊದಿಸಿಕೊಂಡು ಬಂದಳು. ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕುತ್ತಿಗೆಯ ಹತ್ತಿರ. ಟೈಲರಮ್ಮನಿಗೆ ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು.

"ಏನಾಯ್ತೇ?"

"ಕಾರ್ ಅಜ್ಜಿ ಬೈದ್ಲು. ಏಳರ ಮಗ್ಗಿ ಮೂರು ಸಲ ಬರೆಸಿದ್ಲು. ಕಾಲು ತೊಳೀದೆ ಸೋಫಾ ಹತ್ತಬೇಡ ಅಂತಾಳೆ. ಥೇಟ್ ನಿನ್ನ ಥರ ಆಗೋಗಿದಾಳೆ."

ತಣ್ಣಗಾದ ಹೊಟ್ಟೆ ಮತ್ತೆ ಉರಿಯಿತು. ಬೈಯುವುದೊಂದಾದರೂ ತನ್ನದು ಎಂದುಕೊಂಡಿದ್ದಳು. ಒಂದೇ ಬುಧವಾರಕ್ಕೆ ಮಗುವಿನ ಬಾಯಲ್ಲಿ ಅವರು ಹೋಗಿ ಅವಳು ಆಗಿದ್ದಳು.

ಬಟ್ಟೆ ಬದಲಿಸು ಎಂದರೆ ಬಾಬಿನ್ ನೀಲಿ ಫ್ರಾಕು ಹಾಕಿಕೊಂಡು ಬಂದು ಮಷಿನ್ನಿನ ಮುಂದೆ ಕೈ ಎತ್ತಿ ನಿಂತಳು. ಮೊಣಕಾಲು ದಾಟಿ ಇಳಿದಿತ್ತು, ಭುಜ ತೋಳಿಗೆ ಬಂದಿತ್ತು.

"ಎಷ್ಟು ಬಿಗಿ ಬೇಕು ನಿಂಗೆ?" ಎಂದು ಟೈಲರಮ್ಮ ಜೀವನದಲ್ಲಿ ಮೊದಲ ಬಾರಿಗೆ ಕೇಳಿದಳು.

"ಇಷ್ಟು," ಎಂದು ಬಾಬಿನ್ ತಾನೇ ಎರಡು ಪಕ್ಕ ಹಿಡಿದು ತೋರಿಸಿದಳು.

"ಮುಂದಿನ ವರ್ಷಕ್ಕೆ ಆಗಲ್ಲ ಮತ್ತೆ."

"ಮುಂದಿನ ವರ್ಷ ಬೇರೆ ಹೊಲಿ."

ಟೈಲರಮ್ಮ ಅವಳು ಹಿಡಿದಲ್ಲೇ ಗುಂಡುಪಿನ್ನು ಚುಚ್ಚಿ, ಫ್ರಾಕು ಬಿಚ್ಚಿಸಿ, ಹೊಲಿಗೆ ಓಡಿಸಿದಳು. ಕೊನೆಗೆ ಬಂದಾಗ ಬಾಬಿನ್ ಸೂಜಿಗೆ ಕೈ ಚಾಚಿದಳು. "ಕಾಗೆಕಾಲು ನಾನು ಹಾಕ್ತೀನಿ. ಇವತ್ತು ಕಾರ್ ಅಜ್ಜಿಗೂ ಹೇಳಿಕೊಟ್ಟೆ, ಅವಳ ದಿಂಬಿನ ಮೂಲೆಗೆ."

ಟೈಲರಮ್ಮನ ಕೈ ನಿಂತಿತು. "ಬಂತಾ ಅವಳಿಗೆ?"

"ಇಲ್ಲ. ಸೊಟ್ಟ ಬಂತು. ಕಾಗೆ ಕುಂಟುತ್ತಿತ್ತು."

"ಕುಂಟುತ್ತೆ," ಎಂದಳು ಟೈಲರಮ್ಮ. ಮುಖದಲ್ಲಿ ನಗು ಬಂದದ್ದನ್ನು ತಡೆಯಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. "ದಬ್ಬಳದಂಥ ಸೂಜಿ ಇಟ್ಟುಕೊಂಡಿರ್ತಾಳೆ, ಅದರಲ್ಲಿ ಹೇಗೆ ಬರುತ್ತೆ?"

ಬಾಬಿನ್ ನಾಲಿಗೆ ಕಚ್ಚಿಕೊಂಡು ಮೂರನೆಯ ಹೊಲಿಗೆ ಹಾಕುವವರೆಗೆ ಟೈಲರಮ್ಮ ಬಟ್ಟೆ ಹಿಡಿದುಕೊಂಡಿದ್ದಳು. ಆಮೇಲೆ ಮಷಿನ್ನಿನ ಡ್ರಾಯರ್ ಎಳೆದು ಸೂಜಿಯ ಡಬ್ಬಿ ತೆರೆದಳು. ಸಣ್ಣವು ಎರಡು ಇದ್ದವು. ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಕಾಗದದ ಚೂರಿಗೆ ಚುಚ್ಚಿ ಬಾಬಿನ್ನಿನ ಶಾಲೆಯ ಚೀಲದಲ್ಲಿ ಹಾಕಿದಳು.

"ಮುಂದಿನ ಬುಧವಾರ ಅವಳಿಗೆ ಕೊಡು. ಇದರಲ್ಲಿ ಬರುತ್ತೆ ಅಂತ ಹೇಳು."

ಒಳ್ಳೆಯ ಸೂಜಿಯನ್ನು ಮಾತ್ರ ಮತ್ತೆ ಡಬ್ಬಿಗೇ ಹಾಕಿ ಮುಚ್ಚಳ ಬಿಗಿದಳು.